ಹತ್ತೊಂಬತ್ತು ಹೆಬ್ಬೆಟ್ಟು

ಹಾಸನ
೯ ಫೆಬ್ರುವರಿ ೨೦೨೫, ಭಾನುವಾರ

ಧನಲಕ್ಷ್ಮಿ,

ಈ ಕಾಗದವನ್ನು ನಿನ್ನ ಮಗಳು ನಿನಗೆ ಓದಿ ಹೇಳುತ್ತಾಳೆ. ಸೌಜನ್ಯ, ಅಮ್ಮನಿಗೆ ನೋವಾಗುತ್ತದೆ ಎಂದು ಎಲ್ಲಿಯೂ ಸಾಲು ಬಿಡಬೇಡ. ನನ್ನ ಮಾನ ಹೋಗುತ್ತದೆ ಎಂದಂತೂ ಬಿಡಲೇಬೇಡ.

ಗುರುವಾರ ಹನ್ನೊಂದು ಗಂಟೆಗೆ ಇಲ್ಲಿಯ ಕಚೇರಿಯಲ್ಲಿ ನಿಮ್ಮ ಗುಡ್ಡದ ವಿಚಾರಣೆ. ಅಧಿಕಾರಿಗಳ ಕೈಯಲ್ಲಿರುವ ಒಪ್ಪಿಗೆಯ ಹಾಳೆ ನಿಂತರೆ ಗುಡ್ಡ ಕಲ್ಲಿನ ಕಂಪನಿಗೆ ಹೋಗುತ್ತದೆ. ಅದು ಸುಳ್ಳೆಂದಾದರೆ ನಿಮಗೆ ಉಳಿಯುತ್ತದೆ. ಹಾಳೆಯಲ್ಲಿರುವುದು ಒಂದೇ ವಾಕ್ಯ. ಹಕ್ಕಿಪಿಕ್ಕಿ ಕಾಲೋನಿಯ ಹೆಂಗಸರಾದ ನಾವು ಗುಡ್ಡವನ್ನು ಬಿಟ್ಟುಕೊಡಲು ಒಪ್ಪಿದ್ದೇವೆ, ಬದಲಿಗೆ ಹೆದ್ದಾರಿಯ ಪಕ್ಕ ಮನೆ ಕಟ್ಟಿಸಿಕೊಡಬೇಕು ಎಂದು. ಕೆಳಗೆ ಹತ್ತೊಂಬತ್ತು ಹೆಬ್ಬೆಟ್ಟು. ಮೂರನೆಯದು ನಿನ್ನದು. ಹಾಳೆಯ ಮೇಲಿನ ತಾರೀಖಿನಂದು ನೀನು ಒಡಿಶಾದ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಕೂದಲಿನ ಎಣ್ಣೆ ಮಾರುತ್ತಿದ್ದೆ.

ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನು. ಇದು ನಿನಗೆ ಗೊತ್ತಿರುವುದೇ. ಆದರೂ ಯಾಕೆ ಎಂದು ಇನ್ನೊಮ್ಮೆ ಹೇಳಿಕೊಳ್ಳುತ್ತೇನೆ, ನಿನಗಿಂತ ಹೆಚ್ಚಾಗಿ ನನಗೆ. ನೀವು ವರ್ಷಕ್ಕೆ ಎರಡು ಸಲ ಮೂರು ಮೂರು ತಿಂಗಳು ವ್ಯಾಪಾರಕ್ಕೆ ಹೊರಡುತ್ತೀರಿ. ಗುಡ್ಡದ ಹಕ್ಕಿನ ಗ್ರಾಮಸಭೆಗಳು ಆಗಲೇ ನಡೆಯುತ್ತವೆ. ಸಭೆಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು ಎಂದು ನಾನು ಕಾನೂನು ಹೇಳಿದಾಗ ಕಾಲೋನಿಯ ಯಜಮಾನ ನಂಜಯ್ಯ ನಕ್ಕಿದ್ದ. "ಎಂಗಸ್ರು ಎಲ್ಲವ್ರೆ ಮೇಡಂ? ಎಣ್ಣೆ ಮಾರಾಕೆ ಓಗವ್ರೆ. ಇದ್ರು ಅಂತ ನಾವೇ ಬರ್ಕತೀವಿ ಬುಡಿ."

ಆ ನಗೆಗೆ ಉತ್ತರವಾಗಿ ನನಗೆ ಹೊಳೆದ ಉಪಾಯ ಅದು. ಹೊರಡುವ ಮುಂಚೆ ನೀವೆಲ್ಲ ಹಾಳೆಗಳ ಮೇಲೆ ಹೆಬ್ಬೆಟ್ಟು ಒತ್ತಿ ನನ್ನ ಹತ್ತಿರ ಇಡುವುದು. ಸಭೆಯ ವಿಷಯವನ್ನು ನಾನು ಫೋನಿನಲ್ಲಿ ಕೇಳಿ ನಿಮ್ಮ ಮಾತನ್ನು ಮೇಲೆ ಬರೆಯುವುದು. ನೀನು ಶಾಯಿಯ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಹೇಳಿದೆ: "ಬೆಳ್ಳೇ ಕುಯ್ದು ಕೊಟ್ಟೋಗ್ಲಾ ಟೀಚರಮ್ಮಾ? ಬೇಕಾದಾಗ ನೀನೇ ಒತ್ಕಬೋದು ಕಣವ್ವ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ನೀನು ಹೊತ್ತು ಮುಳುಗುವ ಮುಂಚೆಯೇ ನನಗೆ ಮುದ್ದೆ ಹಾಕಿದ್ದೆ. ಜೈನರ ಮನೆಯವಳು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಯಾರೋ ಹೇಳಿದ್ದರು. ನಾನು ಅದನ್ನೆಲ್ಲ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಹೇಳಲಿಲ್ಲ. "ನಿನ್ ದೇವ್ರಿಗೆ ಒತ್ತಾಯ್ತದೆ, ಬಿರ್ನೆ ಉಣ್ಣು" ಎಂದೆ ನೀನು. ನಾನು ಉಂಡೆ. ನನಗಾಗಿ ಯಾರಾದರೂ ಏನನ್ನಾದರೂ ಊಹಿಸಿಕೊಂಡು ಮಾಡಿದರೆ ಅದನ್ನು ತಿದ್ದಲು ನನಗೆ ಬರುವುದಿಲ್ಲ. ನಾನೂ ಬೇರೆಯವರಿಗೆ ಹಾಗೆಯೇ ಮಾಡುತ್ತೇನೆ ಎಂಬುದು ಆಗ ತೋಚಿರಲಿಲ್ಲ.

ಹಾಳೆಗಳು ನಮ್ಮ ಸಂಸ್ಥೆಯ ಬೀರುವಿನಲ್ಲಿದ್ದವು. ಒಂದು ಬೀಗದ ಕೈ ನನ್ನ ಹತ್ತಿರ, ಇನ್ನೊಂದು ರಜನೀಶ್ ಹತ್ತಿರ. ಸಂಸ್ಥೆ ನಡೆಸುವವನು ಅವನು. ಕಂಪನಿಯವರ ಜೊತೆ ಚನ್ನರಾಯಪಟ್ಟಣದಲ್ಲಿ ಎರಡು ಸಲ ಕೂತು ಮಾತಾಡಿದವನೂ ಅವನೇ. ಮಳೆಗಾಲದಲ್ಲಿ ಬೀರುವಿನಿಂದ ಒಂದು ಹಾಳೆ ಹೊರಗೆ ಬಂತು. ಹೇಗೆ ಬಂತು ಎಂಬುದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ.

ಅದಾದ ಮೂರು ವಾರಕ್ಕೆ ನಾನು ಕಠ್ಮಂಡುವಿನಲ್ಲಿದ್ದೆ. ಏಷ್ಯಾದ ಬುಡಕಟ್ಟು ಹೆಂಗಸರ ಸಭೆ. ಪರದೆಯ ಮೇಲೆ ನಿಮ್ಮ ಹೆಬ್ಬೆಟ್ಟುಗಳ ಚಿತ್ರ ತೋರಿಸಿ, ದೂರವಿದ್ದೂ ಸಭೆಯಲ್ಲಿ ಹಾಜರಿರುವ ಹೆಂಗಸರು ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಫಿಲಿಪೀನ್ಸಿನ ಬೆಟ್ಟದ ಕಡೆಯ ಒಬ್ಬ ಮುದುಕಿ ಮಾತ್ರ ಕೈ ಎತ್ತಿದಳು. ಒಮ್ಮೆ ಒತ್ತಿದ್ದನ್ನು ಆ ಹೆಂಗಸರು ವಾಪಸು ತೆಗೆದುಕೊಳ್ಳಬಹುದೆ ಎಂದು ದುಭಾಷಿಯ ಮೂಲಕ ಕೇಳಿದಳು. ನಮ್ಮಲ್ಲಿ ನಂಬಿಕೆ ಇದೆ ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು. ಅವಳು ತಟ್ಟಲಿಲ್ಲ.

ನಾನು ಹಿಂದಿರುಗುವಷ್ಟರಲ್ಲಿ ಗುಡ್ಡಕ್ಕೆ ತಂತಿಬೇಲಿ ಬಿದ್ದಿತ್ತು. ನೀನು ಎಣ್ಣೆಯ ಬೇರಿಗೆಂದು ತಂತಿ ನುಗ್ಗಿ ಹನ್ನೊಂದು ದಿನ ಜೈಲಿನಲ್ಲಿದ್ದೆ. ನಿನ್ನ ತಾಯಿ ಆ ಹನ್ನೊಂದು ದಿನಗಳ ನಡುವೆಯೇ ತೀರಿಕೊಂಡಳು. ಗುಡ್ಡದ ಬುಡದಲ್ಲಿ ಹೂಳಲು ಕಂಪನಿಯವರು ಬಿಡಲಿಲ್ಲ. ಹಿರೀಸಾವೆಯ ಆಚೆ, ರಸ್ತೆ ಬದಿಯ ಪಾಳು ಜಾಗದಲ್ಲಿ ನಿಮ್ಮವರು ಮಣ್ಣು ಮಾಡಿದರು. ಲಾರಿಗಳು ಹೋಗುವಾಗ ಅಲ್ಲಿ ನೆಲ ಅದುರುತ್ತದೆ. ಆಮೇಲೆ ನಾನು ಒಬ್ಬಳೇ ಹೋಗಿ ನಿಂತು ನೋಡಿ ಬಂದೆ.

ಜೈಲಿಗೆ ಬಾಳೆಹಣ್ಣು ತಂದಿದ್ದೆನಲ್ಲ. ಕಂಬಿಯ ಆಚೆಯಿಂದ ನೀನು ಅಳದೆ ಕೇಳಿದ್ದು ಒಂದೇ: "ಪೇಪರು ಯಾರ್ ಕೊಟ್ರು ಅಂತ ಗೊತ್ತಾಯ್ತಾ?" ವಿಚಾರಿಸುತ್ತಿದ್ದೇವೆ ಎಂದೆ. "ವಿಚಾರ್ಸು. ನಿಂಗೆ ಓದಾಕೆ ಬತ್ತದೆ" ಎಂದೆ ನೀನು.

ಗುರುವಾರ ಬಂದು ಸಾಕ್ಷಿ ಹೇಳಿ ಎಂದು ನಿಮ್ಮ ವಕೀಲರು ಮೂರು ಸಲ ಫೋನ್ ಮಾಡಿದರು. ನನಗೆ ರಕ್ತದೊತ್ತಡ ಏರಿದೆ. ಓಡಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ವಕೀಲರು ಒಳ್ಳೆಯವರು, ನಾನಿಲ್ಲದೆಯೂ ನಡೆಸುತ್ತಾರೆ. ಧೈರ್ಯವಾಗಿರು.

ನಿನ್ನ,
ಚಕ್ರೇಶ್ವರಿ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನು ಬರೆದು, ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಡಾಕ್ಟರು ಏನೂ ಹೇಳಿಲ್ಲ. ಆ ಕಚೇರಿ ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ.

ಗುರುವಾರ ಆ ಹಾಳೆಯನ್ನು ನಿನಗೆ ಓದಿ ಹೇಳಲೆಂದು ಸೌಜನ್ಯಳ ಮುಂದೆ ಇಡುತ್ತಾರೆ. ಅವಳಿಗೆ ಅಕ್ಷರ ಕಲಿಸಿದವಳು ನಾನು. ನೋಡಿದ ಕೂಡಲೇ ಯಾರ ಬರಹ ಎಂದು ಅವಳಿಗೆ ತಿಳಿಯುತ್ತದೆ. ಅದಕ್ಕೆ ಮೊದಲು ನಾನೇ ಹೇಳುತ್ತೇನೆ. ಬೀರು ತೆಗೆದವಳು ನಾನು. ಆ ವಾಕ್ಯ ಬರೆದವಳು ನಾನು. ಒಪ್ಪಿಗೆ ಆ ಶುಕ್ರವಾರದೊಳಗೆ ಬೇಕು, ಇಲ್ಲದಿದ್ದರೆ ಹೆದ್ದಾರಿ ಪಕ್ಕದ ಮನೆಗಳೂ ಕೈತಪ್ಪುತ್ತವೆ ಎಂದು ರಜನೀಶ್ ಹೇಳಿದ್ದು ನಿಜ. ನಿನ್ನ ಫೋನಿಗೆ ಒಂದು ಸಲ ಮಾಡಿದೆ, ಸಿಗಲಿಲ್ಲ. ಎರಡನೇ ಸಲ ಮಾಡಲಿಲ್ಲ. ನೀನು ಬೇಡ ಎನ್ನುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಆಸ್ಪತ್ರೆ, ಶಾಲೆ, ಬಸ್ಸು ಹತ್ತಿರವಿರುವ ಮನೆ ನಿನಗೆ ಒಳ್ಳೆಯದು ಎಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತು ಎಂದುಕೊಂಡೆ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಖಾಲಿ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಹೆಬ್ಬೆಟ್ಟು. ನಾನು ಮಾಡಿದ್ದನ್ನು ಸೌಜನ್ಯ ನೀನು ಹೇಳಿದ ಹಾಗೆ ಮೇಲೆ ಬರೆಯಲಿ. ಗುರುವಾರ ಹನ್ನೊಂದಕ್ಕೆ ನಾನು ಅಲ್ಲಿ ನಿಂತಿರುತ್ತೇನೆ, ಬರೆದದ್ದು ನನ್ನದೇ ಮಾತು ಎನ್ನುತ್ತೇನೆ. ಅದರಲ್ಲಿ ಏನಿದೆ ಎಂದು ಮೊದಲೇ ನನಗೆ ಓದಿ ಹೇಳಬೇಕಾಗಿಲ್ಲ.