ಮಗಳ ಮೇಲೆ ಎತ್ತಿದ ಕೈ

೧೪ ಆಗಸ್ಟ್, ಗುರುವಾರ, ಇಳಕಲ್

ಇವತ್ತು ಮೊದಲ ಸಲ ಮಗಳಿಗೆ ಹೊಡೆದೆ. ಹದಿನೈದರ ಶೈಲಶ್ರೀ ಶಾಲೆ, ಊಟ ಬಿಟ್ಟು ಮೂರು ದಿನ ರೀಲ್ಸ್ ನೋಡುತ್ತ ಕೂತಿದ್ದಳೆಂದು ಬೆಳಿಗ್ಗೆ ಫೋನ್ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಮಧ್ಯಾಹ್ನ ಅವಳು ಕತ್ತರಿ ತಂದು, ಮಗ್ಗದ ಮೇಲೆ ನಾನು ಅರ್ಧ ನೇಯ್ದಿದ್ದ ಸೀರೆಯನ್ನು ಕತ್ತರಿಸಿಹಾಕಿದಳು. ಕತ್ತರಿ ಕಿತ್ತುಕೊಳ್ಳಲು ಹೋದರೆ ಮುಂಗೈ ಕಚ್ಚಿದಳು. ನಾನು ಬಾರಿಸಿದ ಏಟಿಗೆ ತುಟಿ ಒಡೆದು ರಕ್ತ ಸುರಿಯಿತು.

"ಕೂಸಿನ್ನ ಕೊಲ್ತೀರೇನ್ರಿ?" ಹೆಂಡತಿ ಯಮನವ್ವ ಅಡ್ಡ ಬಂದಳು.

ಮಗಳು ಅಳಲಿಲ್ಲ. ಮುಖ ಮುಂದೆ ಚಾಚಿ, "ಬೇಕಾದಷ್ಟು ಹೊಡಿ ಅಪ್ಪಾ, ಫೋನ್ ಅಷ್ಟ ಕೊಡು" ಎಂದಳು.

ಹೆದರಿ ಕೊಟ್ಟುಬಿಟ್ಟೆ. ಈಗ ಒಳಗೆ ಅದನ್ನು ನೋಡುತ್ತ ನಗುತ್ತಿದ್ದಾಳೆ. ಆ ನಗು ಕೇಳಿ ನನ್ನ ಕೈ ಮತ್ತೆ ಮುಷ್ಟಿಯಾಗುತ್ತಿದೆ. ನಾನು ಎಂಥ ತಂದೆ? ನಾಳೆ ಇದೇ ಕೈ ಮತ್ತೆ ಅವಳ ಮೇಲೆ ಏಳುವುದೋ ಏನೋ ಎಂದು ನನಗೇ ಭಯ.