ತಿಮ್ಮವ್ವ ತಾನೇ ಕುಡಿದ ಔಷಧಿ

೧೪ ಜೂನ್ ೨೦೨೫, ಶನಿವಾರ, ಹರಿಹರ

ತಂಗಿ ಆಶಾರಾಣಿ, ಆರಾಮಿದ್ದೀಯಾ? ನಿನ್ನ ಯಜಮಾನರು ಬಸವಪ್ರಭು ಅವರ ಮಂಡಿನೋವು ಹೇಗಿದೆ? ಕಾಗದ ನಾಳೆ ಬರೆಯುತ್ತೇನೆ. ಅಲ್ಲಿಯವರೆಗೆ ಇಂದಿನ ಗೆಲುವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಈ ದಿನಚರಿಯಲ್ಲಿ ಗೀಚುತ್ತಿದ್ದೇನೆ.

ಪಕ್ಕದ ಮನೆಯ ತಿಮ್ಮವ್ವನ ಮೂರು ವರ್ಷದ ಮೊಮ್ಮಗಳು ಯಶೋದಾ ಕಾಲರಾದಿಂದ ನಿನ್ನೆ ಆಸ್ಪತ್ರೆ ಸೇರಿದ್ದಳು. ಡ್ರಿಪ್ ಹಾಕಿ ಉಳಿಸಿದರು. ಇನ್ನು ಓಆರ್‌ಎಸ್ ನೀರು ಕುಡಿಸುತ್ತಿರಿ, ಉಚ್ಚೆ ಹೊಯ್ದರೆ ಗಂಡಾಂತರ ಕಳೆದಂತೆ ಎಂದು ಡಾಕ್ಟರು ಇಂದು ಬೆಳಿಗ್ಗೆ ಹೇಳಿದ್ದರಂತೆ. ನಾನು ಆಸ್ಪತ್ರೆಗೆ ಹೋದಾಗ ಮಗುವಿನ ಕಣ್ಣುಗಳು ಮತ್ತೆ ಗುಳಿಬಿದ್ದಿದ್ದವು. ಅಳುತ್ತಿತ್ತು, ಕಣ್ಣೀರೇ ಇಲ್ಲ. ಓಆರ್‌ಎಸ್ ನೀರಿನ ಚೊಂಬು ಮಾತ್ರ ಖಾಲಿ!

"ನೀರು ಕೊಟ್ರೆ ಭೇದಿ ಜಾಸ್ತಿ ಆಗ್ತೈತಲ್ರಿ ಅಕ್ಕಾರ. ಚೆಲ್ಲೋದು ಯಾಕ ಅಂತ ನಾನ ಕುಡಿದೆ," ಎಂದಳು ತಿಮ್ಮವ್ವ.

"ಭೇದಿ ಕೂಸಿಗೆ, ಔಷಧಿ ನಿನಗೇನೇ?" ಎಂದು ಗದರಿದೆ.

ಓಆರ್‌ಎಸ್‌ನ ಹೊಸ ಪೊಟ್ಟಣ ನೀರಿಗೆ ಕಲಸಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಚಮಚ ಚಮಚವಾಗಿ ಕುಡಿಸಿದೆ. ಕಕ್ಕಿತು. ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿದೆ. ನಮ್ಮವ್ವನೂ ಹೀಗೇ ಭೇದಿಯಾದಾಗ ನೀರು ಕೊಡದೆ ನಮ್ಮ ತಮ್ಮ ಬಕ್ಕೇಶನನ್ನು ಕಳೆದುಕೊಂಡಳಲ್ಲ, ನಾನು ಚಮಚ ಕೆಳಗಿಡಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಮಡಿಲೆಲ್ಲ ಬೆಚ್ಚಗಾಯಿತು.

"ಅಯ್ಯೋ ಅಕ್ಕಾರ, ನಿಮ್ಮ ಇಳಕಲ್ ಸೀರೆ!" ಎಂದಳು ತಿಮ್ಮವ್ವ.

"ಸೀರೆ ಹಾಳಾಗ್ಲಿ ಬಿಡೇ, ನಿನ್ನ ಮೊಮ್ಮಗಳು ಗೆದ್ಲು!" ಎಂದು ಕೂಗಿದೆ. ಇಡೀ ವಾರ್ಡು ನಕ್ಕಿತು.

ಆಶಾ, ನಾಳೆಯ ಕಾಗದದಲ್ಲೂ ಇದನ್ನೇ ಬರೆಯುತ್ತೇನೆ: ಭೇದಿಯಾದಾಗ ನೀರು ನಿಲ್ಲಿಸಬಾರದು ಎಂದು ನಿನ್ನ ಓಣಿಯ ತಾಯಂದಿರಿಗೂ ಹೇಳು. ಹೇಳಿದೆ ಎಂದು ಎರಡು ಸಾಲು ಬೇಗ ಬರೆ.