ಸೂಜಿ ಮೊದಲು ನಮ್ಮ ಬೀದಿಗೇ ಯಾಕೆ ಬಂತು

ತೆರಕಣಾಂಬಿ
೮ ಜೂನ್ ೨೦೨೧, ಮಂಗಳವಾರ

ಅಕ್ಕರೆಯ ತಂಗಿ ಶಾಂತಿಗೆ,

ನಿನ್ನ ಅಣ್ಣನ ಜೈಭೀಮ್. ಭೂತಾನದ ಗುಡ್ಡ ಹತ್ತಿಳಿದು ನಿನ್ನ ಮಂಡಿನೋವು ಹೇಗಾಗಿದೆ? ಪಾಠ ನಡೆಯುತ್ತಿದೆಯಾ? ಅವ್ವ ಗಟ್ಟಿಯಾಗಿದ್ದಾಳೆ. ಅರಿಸಿನದ ಹೊಲದ ಕೂಲಿ ನಿಂತಿದ್ದರಿಂದ ದಿನವಿಡೀ ನನ್ನನ್ನು ಬೈಯಲು ಪುರುಸೊತ್ತು. ಇದನ್ನು ಬರೆದು, ಫೋಟೊ ಹೊಡೆದು ವಾಟ್ಸಪ್ಪಿಗೆ ಹಾಕುತ್ತೇನೆ.

ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ರಜೆ ಮುಗಿಸಿ ಗಡಿ ದಾಟಿದ ನಿನ್ನನ್ನು ಇಪ್ಪತ್ತೊಂದು ದಿನ ಹೋಟೆಲಿನಲ್ಲಿಟ್ಟು, ಊಟ ಹಾಕಿ, ಸರ್ಕಾರವೇ ಖರ್ಚು ಹೊತ್ತಿತಂತೆ. ಎರಡೇ ವಾರದಲ್ಲಿ ಹದಿನೆಂಟು ದಾಟಿದವರಿಗೆಲ್ಲ ಲಸಿಕೆಯಂತೆ. ಇಡೀ ದೇಶದಲ್ಲಿ ಇದುವರೆಗೆ ಸತ್ತದ್ದು ಒಬ್ಬರಂತೆ. ತಪ್ಪು ತಿಳಿಯಬೇಡ, ನನಗೆ ನಂಬಿಕೆ ಬರಲಿಲ್ಲ. ಚಾಮರಾಜನಗರದಲ್ಲಿ ಹೋದ ತಿಂಗಳು ಆಕ್ಸಿಜನ್ ಇಲ್ಲದೆ ಸತ್ತವರೆಷ್ಟು ಎಂದರೆ ಒಂದೊಂದು ಬಾಯಿ ಒಂದೊಂದು ಸಂಖ್ಯೆ ಹೇಳುತ್ತದೆ. ಪುಟ್ಟ ದೇಶವಾದರೇನು, ಅಲ್ಲಿ ಅಧಿಕಾರಿಗಳಿಲ್ಲವೇ, ಮೇಲು ಕೀಳಿಲ್ಲವೇ? ನಿನ್ನ ಕೈಲಿ ಯಾವ ಕಾಗದಕ್ಕೆ ರುಜು ಹಾಕಿಸಿದರು? ರಸ್ತೆ ಕೆಲಸದ ಕೂಲಿಗಳಿಗೂ ಅದೇ ಹೋಟೆಲಾ, ಟೀಚರಿಗೆ ಮಾತ್ರವಾ? ಇದೊಂದನ್ನು ಸರಿಯಾಗಿ ವಿಚಾರಿಸಿ ಬರೆ.

ಇಲ್ಲಿ ನಡೆದದ್ದು ಕೇಳು. ಹದಿನೈದು ದಿನದ ಕೆಳಗೆ ಲಸಿಕೆಯ ಜೀಪು ಊರೊಳಗೆಲ್ಲೂ ನಿಲ್ಲದೆ ನೇರ ನಮ್ಮ ಬೀದಿಗೆ ಬಂತು. ಅವ್ವ ಹೊಸಿಲ ಮೇಲೆ ಕುಂತು, "ನಲ್ಲಿ ಕಡೇಲಿ ಬಂತು, ಲೈಟು ಕಡೇಲಿ ಬಂತು, ಸೂಜಿ ಮಾತ್ರ ಮೊದ್ಲು ನಮ್ಗೇ ಯಾಕ್ಲಾ ಬಂತು?" ಅಂದಳು. ಮೂವತ್ತು ವರ್ಷ ಹೋರಾಟದಲ್ಲಿ ಸವೆದ ನನ್ನ ಗಂಟಲಿಗೆ ಅಷ್ಟು ಸಾಕಾಯಿತು. ಜಗಲಿ ಹತ್ತಿದೆ. ನಮ್ಮನ್ನು ದೂರ ನಿಲ್ಲಿಸಲು ಇವರಿಗೆ ಯಾವತ್ತೂ ರೋಗ ಬೇಕಿರಲಿಲ್ಲ, ಈಗ ಹತ್ತಿರ ಬಂದು ತೋಳು ಹಿಡಿಯುವುದು ಯಾಕೆ ಎಂದು ಕೇಳಿದೆ. ಸಾಲು ಚದುರಿತು. ಎದುರು ಮನೆಯ ಮರಿತಾಯಮ್ಮ ಸೂಜಿಗೆಂದು ತೋಳಿನಿಂದ ಸರಿಸಿದ್ದ ಸೆರಗು ಇಳಿಸಿಕೊಂಡು, "ಶಿವಮಲ್ಲು ಬ್ಯಾಡ ಅಂದ್ಮೇಲೆ ಬ್ಯಾಡ ಕಣಮ್ಮಿ, ನೀನೂ ಉಸಾರು" ಎಂದು ನರ್ಸಿಗೇ ಬುದ್ಧಿ ಹೇಳಿ ಹೋದಳು. ಜನ ಚಪ್ಪಾಳೆ ತಟ್ಟಿದರು. ಒಬ್ಬರಿಗೂ ಚುಚ್ಚದೆ ಜೀಪು ಹಿಂತಿರುಗಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಮಗಳು ಎಲ್ಲಿದ್ದರೂ ತಲೆ ಎತ್ತಿ ಬಾಳಲಿ ಎಂದು ಅವ್ವ ಹೇಳಿದ್ದಾಳೆ.

ನಿನ್ನ ಅಣ್ಣ
ಶಿವಮಲ್ಲು

ಇನ್ನೊಂದು: ಜೀಪು ಹೋದ ಮೂರನೇ ದಿನ ಸಂಘದ ಗೆಳೆಯ ಮಂಟೇಸ್ವಾಮಿ ಇದೇ ರೋಗದಲ್ಲಿ ಉಸಿರುಗಟ್ಟಿ ಸತ್ತ. ಮಾರನೆಯ ದಿನ ನಾನು ಗುಂಡ್ಲುಪೇಟೆಗೆ ಹೋಗಿ, ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು, ಲಸಿಕೆ ಹಾಕಿಸಿಕೊಂಡು ಬಂದೆ. ಸರ್ಕಾರದ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಸಾವಿನ ಭಯ ಅದಕ್ಕಿಂತ ದೊಡ್ಡದಾಯಿತು. ಬೀದಿಯಲ್ಲಿ ಬೇರೆ ಯಾರೂ ಹಾಕಿಸಿಕೊಂಡಿಲ್ಲ, ಅವ್ವನೂ ಸಹ. ನಾಳೆ ಜೀಪು ಮತ್ತೆ ಬರುತ್ತದೆ. ನಾನು ಹಾಕಿಸಿಕೊಂಡದ್ದನ್ನು ಬೀದಿಗೆ ನಾನೇ ಹೇಳುತ್ತೇನೆ, ಉಗಿದರೆ ಉಗಿಯಲಿ. ಅವ್ವನ ಮುಖ ನೋಡಿ ಹೇಳಲಾರೆ. ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡಿ ನೀನೇ ಅವಳಿಗೆ ಹೇಳು. ಆಗ ನಾನು ಹೊರಗಿರುತ್ತೇನೆ.